ಮಕ್ಕಳಿಗೆಂದು ಕಾರಿಗೆ ಟ್ಯಾಬ್ ಸಿಕ್ಕಿಸುವ ಮುಂಚೆ

ನಾನು ಮೊದಲ ಸಲ ಮಾಡಿದ್ದು ಇಷ್ಟೇ. ಒಂದು ಟ್ಯಾಬ್ ತಂದು ಮುಂದಿನ ಸೀಟಿನ ಬೆನ್ನಿಗೆ ಸಿಕ್ಕಿಸಿದೆ, ಕೇಬಲ್ಲನ್ನು ಕಾರಿನ ಯುಎಸ್‌ಬಿ ಪೋರ್ಟಿಗೆ ಚುಚ್ಚಿದೆ, ಚಾರ್ಜಿಂಗ್ ಗುರುತು ಬಂತು, ಕೆಲಸ ಆಯಿತು ಅಂದುಕೊಂಡೆ. ಹೊರಡುವಾಗ 40 ಪರ್ಸೆಂಟ್ ಇತ್ತು. ಒಂದು ಗಂಟೆ ಬಿಟ್ಟು ನೋಡಿದರೆ 31. ಚಾರ್ಜ್ ಆಗ್ತಾ ಆಗ್ತಾನೇ ಖಾಲಿಯಾಗುತ್ತಿತ್ತು! ಕೊನೆಗೆ ಟ್ಯಾಬ್ ಆಫ್, ಹಿಂದೆ ಜೋರು ಅಳು, ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ತಡಕಾಡುತ್ತಿದ್ದೆ. ಆವತ್ತೇ ಒಂದು ನಿಯಮ ಮಾಡಿಕೊಂಡೆ: ಗಾಡಿ ಓಡಿಸುವವರ ಕೈ ಹಿಂದಿನ ಸೀಟಿಗೆ ಹೋಗಲೇಬಾರದು. ಏನೇ ಹಾಕಿಸುವುದಿದ್ದರೂ ಈ ಲೆಕ್ಕದಲ್ಲೇ ನೋಡಿ.

ಹಾಗಾಗಿ ಸ್ಕ್ರೀನ್‌ಗಿಂತ ಮೊದಲು ಚಾರ್ಜರ್. ಹಳೆ ಕಾರುಗಳಲ್ಲಿ ಯುಎಸ್‌ಬಿ ಪೋರ್ಟ್ ಇಟ್ಟಿದ್ದು ಮುಖ್ಯವಾಗಿ ಪೆನ್‌ಡ್ರೈವ್‌ನಿಂದ ಹಾಡು ಕೇಳುವುದಕ್ಕೆ. ಅದರಲ್ಲಿ ಬರುವುದು ಎಷ್ಟೋ ಸಲ 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಬರೀ ಎರಡೂವರೆ ವ್ಯಾಟ್. ವಿಡಿಯೋ ಓಡುವಾಗಲೂ ಟ್ಯಾಬ್ ಚಾರ್ಜ್ ಏರಬೇಕಾದರೆ ಹತ್ತು ವ್ಯಾಟಾದರೂ ಬೇಕು. ಸಿಗರೇಟ್ ಲೈಟರ್ ಸಾಕೆಟ್ ಅಂತೀವಲ್ಲ, ಆ 12 ವೋಲ್ಟ್ ಸಾಕೆಟ್‌ಗೆ ಹಾಕುವ ಒಂದು ಒಳ್ಳೆಯ ಟೈಪ್-ಸಿ ಫಾಸ್ಟ್ ಚಾರ್ಜರ್ ತಗೊಳ್ಳಿ. ಎರಡು ಟ್ಯಾಬ್ ಇದ್ದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನೋಡಿ ಮರುಳಾಗಬೇಡಿ, ಎರಡೂ ಪೋರ್ಟ್ ಒಟ್ಟಿಗೆ ಬಳಸಿದಾಗ ಒಂದೊಂದಕ್ಕೆ ಎಷ್ಟು ಸಿಗುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ಓದಿ.

ಕೇಬಲ್ ಎರಡು ಮೀಟರ್ ಇರಲಿ. ಕಾಲಿಗೆ ಸಿಗದ ಹಾಗೆ ಮ್ಯಾಟ್ ಕೆಳಗಿಂದ ಎಳೆದುಕೊಳ್ಳಿ. ಎಳೆದ ಮೇಲೆ ಮುಂದಿನ ಸೀಟನ್ನು ಪೂರ್ತಿ ಮುಂದೆ, ಪೂರ್ತಿ ಹಿಂದೆ ಒಮ್ಮೆ ಜರುಗಿಸಿ ನೋಡಿ, ಯಾಕೆಂದರೆ ಸೀಟಿನ ಕೆಳಗಿನ ಕಂಬಿಗೆ ಸಿಕ್ಕಿ ನನ್ನದೊಂದು ಕೇಬಲ್ ಚಪ್ಪಟೆಯಾಗಿ ಹೋಗಿದೆ.

ಈಗ ಹೋಲ್ಡರ್. ಇಲ್ಲಿ ಮಾತ್ರ ದಯವಿಟ್ಟು ಕಂಜೂಸಿ ಮಾಡಬೇಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಡಿಕ್ಕಿಯಾದರೆ, ಸಡಿಲ ಬಿಟ್ಟ ಅರ್ಧ ಕಿಲೋ ಟ್ಯಾಬ್ ಅದೇ ವೇಗದಲ್ಲಿ ಕಾರಿನೊಳಗೆ ಹಾರುತ್ತದೆ, ಬಡಿದರೆ ಕಲ್ಲು ಬಡಿದ ಹಾಗೆ. ಮಗುವಿನ ಕೈಗೆ ಟ್ಯಾಬ್ ಕೊಟ್ಟು ಕೂರಿಸುವುದು ನನಗೆ ಇಷ್ಟವಾಗದಿರುವುದು ಇದಕ್ಕೇ. ಹೆಡ್‌ರೆಸ್ಟಿನ ಎರಡು ಕಬ್ಬಿಣದ ಕಂಬಿಗೆ ಸ್ಕ್ರೂ ಹಾಕಿ ಬಿಗಿಯುವ ಹೋಲ್ಡರ್ ಆಗಬೇಕು, ನಾಲ್ಕೂ ಮೂಲೆಯಲ್ಲಿ ಹಿಡಿತ ಇರಬೇಕು. ಸಿಕ್ಕಿಸಿದ ಮೇಲೆ ಕೈಯಲ್ಲಿ ಜೋರಾಗಿ ಅಲ್ಲಾಡಿಸಿ. ಅಲ್ಲಾಡಿದರೆ ವಾಪಸ್. ಬರೀ ರಬ್ಬರ್ ಪಟ್ಟಿಯದ್ದು ಬೇಡವೇ ಬೇಡ. ಹಿಮ್ಮುಖವಾಗಿ ಕೂರುವ ಎಳೆಮಕ್ಕಳ ಸೀಟಿದ್ದರೆ ಆ ಮಗುವಿನ ಎದುರು ಗಟ್ಟಿ ವಸ್ತು ಏನನ್ನೂ ಕಟ್ಟಬೇಡಿ. ಅಷ್ಟು ಚಿಕ್ಕ ಮಗುವಿಗೆ ಸ್ಕ್ರೀನ್ ಯಾಕೆ ಬೇಕು, ಅಲ್ವಾ? ಚಾವಣಿಯಿಂದ ಇಳಿಬೀಳುವ ಸ್ಕ್ರೀನ್ ಹಾಕಿಸುವವರು ಪಕ್ಕದ ಕರ್ಟನ್ ಏರ್‌ಬ್ಯಾಗ್ ಎಲ್ಲಿಂದ ಬಿಚ್ಚಿಕೊಳ್ಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ, ಆ ಜಾಗದಲ್ಲಿ ವೈರ್ ಎಳೆಯುವ ಹಾಗಿಲ್ಲ.

ಒಂದೇ ಕಾರ್ಟೂನ್ ಹಾಡು ಹದಿನೇಳನೇ ಸಲ ಬರುವಾಗ ಹೆಡ್‌ಫೋನ್ ಬೆಲೆ ಗೊತ್ತಾಗುತ್ತದೆ. ಮಕ್ಕಳ ಹೆಡ್‌ಫೋನ್‌ಗಳಲ್ಲಿ ಬಹಳಷ್ಟಕ್ಕೆ 85 ಡೆಸಿಬೆಲ್ ಮಿತಿ ಇರುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವುದು 75 ಡೆಸಿಬೆಲ್, ವಾರಕ್ಕೆ 40 ಗಂಟೆ. ಹಾಗಾಗಿ ಮಿತಿ ಇದೆ ಅಂತ ಫುಲ್ ವಾಲ್ಯೂಮ್ ಬಿಡಬೇಡಿ. ಬ್ಲೂಟೂತ್‌ಗಿಂತ ವೈರಿನದ್ದೇ ನನಗೆ ಇಷ್ಟ, ಚಾರ್ಜ್ ಮಾಡುವ ರಗಳೆ ಇಲ್ಲ, ಒಂದು ಸ್ಪ್ಲಿಟರ್ ಹಾಕಿದರೆ ಒಂದೇ ಟ್ಯಾಬನ್ನು ಇಬ್ಬರೂ ಕೇಳಬಹುದು. ಹೆಡ್‌ಫೋನ್ ಕಿತ್ತೆಸೆಯುವ ಮಗುವಾದರೆ ಟ್ಯಾಬಿನ ಸದ್ದನ್ನು ಕಾರಿನ ಸ್ಟೀರಿಯೊಗೆ ಜೋಡಿಸಿ. ಸ್ಟೀರಿಯೊ ಸೆಟ್ಟಿಂಗ್‌ನಲ್ಲಿ ಫೇಡರ್ ಅಂತ ಇರುತ್ತದೆ, ಅದನ್ನು ಹಿಂದಕ್ಕೆ ತಳ್ಳಿ. ಸದ್ದು ಹಿಂದಿನ ಸ್ಪೀಕರ್‌ಗಳಲ್ಲೇ ಬರುತ್ತದೆ. ಬಿಟ್ಟಿ ಅಪ್‌ಗ್ರೇಡ್ ಇದು!

ಮುಂದಿನ ಸ್ಟೀರಿಯೊ ಬದಲಿಸಬೇಕಾ? ಮಕ್ಕಳಿಗೋಸ್ಕರ ಆದರೆ ಬೇಡ ಅಂತೀನಿ. ಹಾಕಿಸುವುದೇ ಆದರೆ ಡ್ಯಾಶ್‌ಬೋರ್ಡಿನ ಜಾಗ ಅಳೆಯಿರಿ. ಸ್ಟೀರಿಯೊಗಳ ಸೈಜಿಗೆ ಡಿನ್ ಅಂತಾರೆ: ಸಿಂಗಲ್ ಡಿನ್ 180 ಕ್ಕೆ 50 ಮಿಲಿಮೀಟರ್, ಡಬಲ್ ಡಿನ್ 180 ಕ್ಕೆ 100. ಕಾರಿನ ವೈರ್ ಕತ್ತರಿಸಲು ಬಿಡಬೇಡಿ, ನಿಮ್ಮ ಕಾರಿಗೆ ಹೊಂದುವ ಕಪ್ಲರ್, ಅಂದರೆ ವೈರ್ ಕತ್ತರಿಸದೆ ಸಿಕ್ಕಿಸುವ ಪ್ಲಗ್, ಕೇಳಿ. ಹೊಸ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಹಳದಿ ವೈರ್‌ಗೆ ಸದಾ ಕರೆಂಟ್, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಕೆಂಪನ್ನೂ ಸದಾ ಕರೆಂಟ್ ಇರುವ ಕಡೆ ಕೊಟ್ಟುಬಿಟ್ಟರೆ ಬ್ಯಾಟರಿ ಸುಮ್ನೆ ಕುಳಿತಲ್ಲೇ ಇಳಿಯುತ್ತದೆ. ಗಾಡಿ ಓಡುವಾಗಲೂ ಮುಂದೆ ವಿಡಿಯೋ ಬರುವ ಹಾಗೆ ಹ್ಯಾಂಡ್‌ಬ್ರೇಕ್ ವೈರ್ ಬೈಪಾಸ್ ಮಾಡಿಕೊಡ್ತೀವಿ ಅನ್ನುವವರು ಸಿಗುತ್ತಾರೆ. ಬೇಡ ಅನ್ನಿ.

ಹೊರಡುವ ಹಿಂದಿನ ರಾತ್ರಿ ವಿಡಿಯೋಗಳನ್ನು ಡೌನ್‌ಲೋಡ್ ಮಾಡಿ, ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ ನಿಜವಾಗಿ ಓಡುತ್ತದಾ ನೋಡಿ. ಪುಟ್ಟ ಬೆರಳು ಆ್ಯಪ್‌ನಿಂದ ಹೊರಗೆ ಹೋಗದಂತೆ ಐಪ್ಯಾಡ್‌ನಲ್ಲಿ ಗೈಡೆಡ್ ಆಕ್ಸೆಸ್, ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಪಿನ್ನಿಂಗ್ ಆನ್ ಮಾಡಿ. ಇಲ್ಲದಿದ್ದರೆ ಐದು ನಿಮಿಷಕ್ಕೊಮ್ಮೆ "ಹೋಯ್ತು, ಸರಿ ಮಾಡು" ಅಂತ ಕೂಗು.

ತಿರುವು ಜಾಸ್ತಿ ಇರುವ ರಸ್ತೆಯಲ್ಲಿ ಮಾತ್ರ ಸ್ಕ್ರೀನ್ ಬಂದ್ ಮಾಡಿ ಕಥೆಯ ಆಡಿಯೋ ಹಾಕಿ. ಕಿವಿಯ ಒಳಭಾಗಕ್ಕೆ ಗಾಡಿ ಓಲಾಡುವುದು ತಿಳಿಯುತ್ತದೆ, ಕಣ್ಣಿಗೆ ಸ್ಕ್ರೀನ್ ನಿಂತಲ್ಲೇ ಇರುತ್ತದೆ, ಈ ಗೊಂದಲಕ್ಕೇ ವಾಂತಿ ಬರುವುದು. ಎರಡರಿಂದ ಹನ್ನೆರಡು ವರ್ಷದವರಿಗೆ ಇದು ಜಾಸ್ತಿ. ಮಾತಾಡುತ್ತಿದ್ದ ಮಗು ಸುಮ್ಮನಾಗಿ ಆಕಳಿಸತೊಡಗಿದರೆ ತಡ ಮಾಡಬೇಡಿ.

ಬಿಸಿಲಲ್ಲಿ ಕಾರು ನಿಲ್ಲಿಸಿ ಇಳಿಯುವಾಗ ಟ್ಯಾಬ್ ಬಿಚ್ಚಿಕೊಂಡೇ ಹೋಗಿ. ಐಪ್ಯಾಡ್‌ನಂಥದ್ದನ್ನು 35 ಡಿಗ್ರಿಯೊಳಗೆ ಬಳಸಿ ಅಂತ ತಯಾರಿಸಿದವರೇ ಹೇಳುತ್ತಾರೆ, ಮುಚ್ಚಿದ ಕಾರು ಅದನ್ನು ಸ್ವಲ್ಪ ಹೊತ್ತಲ್ಲೇ ದಾಟುತ್ತದೆ. ಹೋಲ್ಡರ್ ಅಲ್ಲೇ ಇರಲಿ ಬಿಡಿ.