ಕಾಬಾಳೆಗೆ ಕತ್ತಿ ಹಾಕಲು ಹಿಂಜರಿಯಬೇಡಿ

"ಅತ್ತೆ, ನಮ್ಮನೆ ಕಾಬಾಳೆ ಬರೀ ಎಲೆ ಬಿಡ್ತದೆ, ಹೂವೇ ಇಲ್ಲ" ಎಂದು ಕೇಳುವವರು ಪ್ರತಿ ವರ್ಷ ಇರುತ್ತಾರೆ. ಕಾಬಾಳೆ ಎಂದರೆ ಬಾಳೆಯಂಥ ಎಲೆಯ, ಕ್ಯಾನಾ ಎಂದೂ ಕರೆಯುವ ಹೂಗಿಡ. ನಾನು ತಿರುಗಿ ಕೇಳುವುದು ಎರಡೇ ಪ್ರಶ್ನೆ. ಗಿಡಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಹೂ ಮುಗಿದ ದಂಟನ್ನು ಕಡಿದಿದ್ದೀರಾ? ಮೊದಲನೆಯದಕ್ಕೆ ಏನಾದರೂ ಉತ್ತರ ಬರುತ್ತದೆ. ಎರಡನೆಯದಕ್ಕೆ ಸುಮ್ನೆ ಮುಖ ನೋಡುತ್ತಾರೆ. ಕಡಿಯುವುದು ಯಾಕೆ, ಹಸಿರಾಗೇ ಇದೆಯಲ್ಲ ಎನ್ನುವುದು ಅವರ ವಾದ.

ಬಿಸಿಲಿನ ಮಾತು ಬೇಗ ಮುಗಿಯುತ್ತದೆ. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೇಕು. ಹಲಸಿನ ಮರದ ಬುಡದಲ್ಲಿ, ಅಡಿಕೆ ತೋಟದ ನೆರಳಲ್ಲಿ ನೆಟ್ಟರೆ ಎಲೆ ಚೆಂದ ಬರುತ್ತದೆ, ಅಷ್ಟೇ. ಶಿರಸಿ ಕಡೆ ಮನೆಯ ಹಿಂದೆಯೇ ತೋಟ ಇರುವವರು ಅಂಗಳದ ಅಂಚಿಗೆ ತಂದು ನೆಡಿ.

ಕಡಿಯುವ ವಿಚಾರಕ್ಕೆ ಬರೋಣ. ಬಾಳೆಯ ಹಾಗೆ ಇದರಲ್ಲೂ ಒಂದು ದಂಟಿನ ಬಾಳು ಒಂದೇ ಸಲ. ಹೂ ಬಿಟ್ಟು ಮುಗಿದ ದಂಟು ಮತ್ತೆ ಹೂ ಬಿಡುವುದಿಲ್ಲ. ಬದಿಯಲ್ಲಿ ಏಳುವ ಮರಿಗಳಿಗೆ ಹೂವಿನ ಸರದಿ. ಹಳೇ ದಂಟನ್ನು ಬಿಟ್ಟರೆ ಅದು ಜಾಗ ಹಿಡಿದು ನಿಲ್ಲುತ್ತದೆ, ಮರಿಗೆ ಬಿಸಿಲು ತಾಗುವುದಿಲ್ಲ.

ಆದರೆ ಅವಸರವೂ ಬೇಡ. ಒಂದು ದಂಟನ್ನು ಹತ್ತಿರದಿಂದ ನೋಡಿ. ಒಂದೊಂದು ಗಂಟಿನಲ್ಲಿ ಸಾಮಾನ್ಯವಾಗಿ ಜೋಡಿ ಮೊಗ್ಗು ಇರುತ್ತದೆ. ಒಂದು ಅರಳಿ ಬಾಡುವಾಗ ಪಕ್ಕದ್ದು ಇನ್ನೂ ಹಸಿರು ಕಡ್ಡಿಯ ಹಾಗೆ ಮುಚ್ಚಿಕೊಂಡಿರುತ್ತದೆ. ಬಾಡಿದ್ದನ್ನು ಜಗ್ಗಿ ಎಳೆದರೆ ಎರಡೂ ಕೈಗೆ ಬರುತ್ತವೆ. ಹೆಬ್ಬೆರಳು ತೋರುಬೆರಳಲ್ಲಿ ಬಾಡಿದ ಹೂವಿನ ಬುಡ ಹಿಡಿದು, ಕೆಳಗಿರುವ ಮುಳ್ಳುಮುಳ್ಳು ಕಾಯಿಯ ಸಮೇತ ಪಕ್ಕಕ್ಕೆ ಬಗ್ಗಿಸಿ ಮುರಿಯಿರಿ. ಕಾಯಿ ಬಲಿಯಲು ಬಿಟ್ಟರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ. ತುದಿಯ ಗೊಂಚಲು ಪೂರ್ತಿ ಮುಗಿದ ಮೇಲೆ ಕೆಳಗೆ ಕಣ್ಣು ಹಾಯಿಸಿ. ಮೇಲಿನ ಎಲೆಯ ಸಂದಿಯಿಂದ ಇನ್ನೊಂದು ಸಣ್ಣ ಹೂ ಕವಲು ಇಣುಕುತ್ತಿರಬಹುದು. ಇದ್ದರೆ ಅದರ ಮೇಲಕ್ಕೆ ಮಾತ್ರ ಕತ್ತರಿಸಿ. ಅದೂ ಮುಗಿದ ಮೇಲೆ ದಂಟನ್ನು ನೆಲಮಟ್ಟಕ್ಕೆ ಕಡಿಯಿರಿ. ಅರ್ಧ ಮೊಳ ಬಿಟ್ಟು ಕಡಿದರೆ ಮಳೆಗಾಲದಲ್ಲಿ ಆ ತುಂಡಿಗೆ ನೀರಿಳಿದು ಕೊಳೆಯುತ್ತದೆ. ಕಡಿದ ದಂಟು, ಎಲೆ ಹಿಂಡಿನ ಬುಡಕ್ಕೇ ಮುಚ್ಚಿಗೆಯಾಗಲಿ. ರೋಗ ಇಲ್ಲದಿದ್ದರೆ ಮಾತ್ರ.

ಎಲ್ಲಿ ನೆಡಬೇಕು ಎಂದು ಕೇಳಿದರೆ ನನ್ನ ಉತ್ತರ ಬಚ್ಚಲ ನೀರು ಹೊರಬೀಳುವ ಜಾಗ. ನಮ್ಮ ಹಿರಿಯರು ಅಲ್ಲಿ ಬಾಳೆ, ಕೆಸು ನೆಡುತ್ತಿದ್ದರು. ಕಾಬಾಳೆಯೂ ಅದೇ ಗುಂಪಿಗೆ ಸೇರಿದ್ದು. ಬೇರು ಒದ್ದೆ ಇದ್ದರೂ ತಡೆದುಕೊಳ್ಳುತ್ತದೆ, ನೀರಿನಲ್ಲಿರುವ ಸಾರ ಹೀರಿಕೊಳ್ಳುತ್ತದೆ. ಕೊಳಚೆ ನೀರು ಶುದ್ಧ ಮಾಡಲು ಕಟ್ಟುವ ಜೌಗು ಹಾಸುಗಳಲ್ಲಿ ಜಗತ್ತಿನಾದ್ಯಂತ ಇದನ್ನು ನೆಡುವುದು ಇದಕ್ಕಾಗಿಯೇ. ಮನೆಯಲ್ಲಿ ಅಷ್ಟೆಲ್ಲ ಬೇಡ. ಒಂದೂವರೆ ಅಡಿ ಆಳದ ಉದ್ದನೆಯ ಗುಂಡಿ ತೋಡಿ, ತಳಕ್ಕೆ ಚಿರೆಕಲ್ಲಿನ ಚೂರು, ಅದರ ಮೇಲೆ ಉಸುಕು, ಆಮೇಲೆ ಮಣ್ಣು ಹಾಕಿ. ನೀರು ಇಂಗಬೇಕು, ಮೇಲೆ ನಿಲ್ಲಬಾರದು. ನಿಂತರೆ ಸೊಳ್ಳೆ. ಸ್ನಾನದ ಸೋಪಿನ ನೀರಿಗೆ ಗಿಡ ಹೆದರುವುದಿಲ್ಲ. ಫಿನಾಯಿಲು, ಬ್ಲೀಚಿಂಗ್ ಪುಡಿ ಹಾಕಿ ತೊಳೆದ ನೀರನ್ನು ಮಾತ್ರ ಅತ್ತ ಬಿಡಬೇಡಿ. ಕುಡಿಯುವ ನೀರಿನ ಬಾವಿ ಹತ್ತಿರವಿದ್ದರೆ ಈ ಗುಂಡಿಯ ಆಸೆಯನ್ನೇ ಬಿಡಿ.

ಗಡ್ಡೆ ನೆಡಲು ರೋಹಿಣಿ ಮಳೆ ಒಳ್ಳೆಯ ಕಾಲ. ಮೃಗಶಿರಕ್ಕೆ ಜೋರು ಹಿಡಿಯುವಷ್ಟರಲ್ಲಿ ಬೇರು ಬಿಟ್ಟಿರಬೇಕು. ಆರಿದ್ರೆಯ ಹೊತ್ತಿಗೆ ನೆಟ್ಟರೆ ಹೊಸದಾಗಿ ಕಡಿದ ಗಡ್ಡೆ ನೀರಲ್ಲಿ ನೆನೆದು ಕೊಳೆಯುವುದೇ ಜಾಸ್ತಿ. ಗಡ್ಡೆ ತುಂಡು ಮಾಡುವಾಗ ಒಂದೊಂದರಲ್ಲೂ ಎರಡು ಮೂರು ಕಣ್ಣು ಇರಲಿ. ಕಡಿದ ಬಾಯಿಗೆ ಬೂದಿ ಸವರಿ ಒಂದು ದಿನ ನೆರಳಲ್ಲಿ ಆರಲು ಬಿಡಿ. ನಾಲ್ಕು ಬೆರಳು ಆಳಕ್ಕೆ, ಕಣ್ಣು ಮೇಲೆ ಬರುವಂತೆ ಇಟ್ಟು ಮಣ್ಣು ಮುಚ್ಚಿ. ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ ಬಿಡಿ. ಮೊದಲು ಬೋಳಾಗಿ ಕಾಣುತ್ತದೆ, ಆದರೆ ವರ್ಷ ಕಳೆಯುವುದರೊಳಗೆ ತುಂಬಿಕೊಳ್ಳುತ್ತದೆ.

ಕಾರವಾರ, ಅಂಕೋಲೆಯ ಉಸುಕು ನೆಲದಲ್ಲಿ ನೀರು ನಿಲ್ಲುವುದಿಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಅಲ್ಲಿ ಗುಂಡಿಗೆ ಎರಡು ಬುಟ್ಟಿ ಹಳೇ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ. ಕಡಲ ಗಾಳಿಗೆ ನೇರ ಮುಖ ಮಾಡಿದರೆ ಎಲೆ ಸೀಳಿ ಚಿಂದಿಯಾಗುತ್ತದೆ, ಅಂಚು ಸುಡುತ್ತದೆ. ಗೋಡೆಯ ಈಚೆ ಬದಿ ನೆಡುವುದು ಒಳ್ಳೆಯದು. ಘಟ್ಟದ ಮೇಲೆ ಸಮಸ್ಯೆ ಬೇರೆ. ಕೆಂಪು ಮಣ್ಣು ಗಟ್ಟಿ, ಮಳೆಗೆ ಕೆಸರು, ಬೇಸಿಗೆಗೆ ಕಲ್ಲು. ಅಲ್ಲಿ ನೆಲವನ್ನು ಒಂದು ಗೇಣು ಎತ್ತರಿಸಿ ಏರಿ ಮಾಡಿ ನೆಡಿ. ದೀಪಾವಳಿ ಕಳೆದ ಮೇಲೆ ಬುಡಕ್ಕೆ ದಪ್ಪಗೆ ದರಕು (ಒಣಗಿ ಬಿದ್ದ ಎಲೆ) ಹೊದೆಸಿದರೆ ನೀರು ಹಾಕುವ ಕೆಲಸ ಅರ್ಧ ಉಳಿಯುತ್ತದೆ.

ಗೊಬ್ಬರದಲ್ಲಿ ಯೂರಿಯಾಕ್ಕೆ ಕೈ ಹಾಕಬೇಡಿ. ಎಲೆ ದಪ್ಪವಾಗಿ ಹೂ ಹಿಂದೆ ಬೀಳುತ್ತದೆ. ತಿಂಗಳಿಗೊಮ್ಮೆ ಒಂದು ಬೊಗಸೆ ಸಗಣಿ ಗೊಬ್ಬರ, ಬಚ್ಚಲ ಒಲೆಯ ಬೂದಿ ಒಂದು ಮುಷ್ಟಿ ಸಾಕು. ಕಾರವಾರದ ಮನೆಗಳಲ್ಲಿ ಮೀನು ತೊಳೆದ ನೀರನ್ನು ಗಿಡದ ಬುಡಕ್ಕೆ ಚೆಲ್ಲುವುದುಂಟು. ಗಿಡಕ್ಕೆ ಖುಷಿ, ಬೆಕ್ಕಿಗೂ ಖುಷಿ. ಬೆಕ್ಕು ಬುಡ ಕೆದಕದಂತೆ ಮೇಲೆ ನಾಲ್ಕು ಸೋಗೆ ಇಡಿ.

ಎತ್ತರದ ಜಾತಿಗಳು ಐದಾರು ಅಡಿ ಹೋಗುತ್ತವೆ. ಆಷಾಢದ ಗಾಳಿಗೆ ಮಲಗುತ್ತವೆ. ಒಂದೊಂದು ದಂಟಿಗೂ ಕೋಲು ಕೊಡಲು ಹೋಗಬೇಡಿ. ಹಿಂಡಿನ ನಾಲ್ಕು ಮೂಲೆಗೆ ಗೂಟ ಹೊಡೆದು ಅಡಿಕೆ ದಬ್ಬೆ ಅಡ್ಡ ಕಟ್ಟಿದರೆ ಮುಗಿಯಿತು. ಕುಂಡದಲ್ಲಿ ಬೆಳೆಸುವ ಆಸೆ ಇದ್ದರೆ ಎರಡು ಮೂರು ಅಡಿಯ ಗಿಡ್ಡ ಜಾತಿ ತನ್ನಿ, ಅಗಲ ಬಾಯಿಯ ಕುಂಡ ಇರಲಿ. ಬೇಸಿಗೆಯಲ್ಲಿ ದಿನಾ ನೀರು ಬೇಕು.

ಮಳೆಗಾಲದ ಕಾಟ ಎರಡು. ಬಸವನಹುಳ ರಾತ್ರಿ ಬರುತ್ತದೆ. ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಡಬ್ಬಕ್ಕೆ ಹಾಕಿ, ಗಿಡದ ಬುಡಕ್ಕೆ ಉಪ್ಪು ಎರಚಬೇಡಿ. ಇನ್ನೊಂದು ಎಲೆ ಸುತ್ತುವ ಹುಳ. ಸುರುಳಿಯಾಗಿರುವ ಎಳೆ ಎಲೆಯನ್ನು ನೂಲಿನಿಂದ ಅಂಟಿಸಿಕೊಂಡು ಒಳಗೆ ಕೂತು ತಿನ್ನುತ್ತದೆ. ಎಲೆ ಬಿಚ್ಚಿದಾಗ ಹೊಲಿಗೆ ಹಾಕಿದ ಹಾಗೆ ಸಾಲು ತೂತು. ಇದಕ್ಕೆ ಬೇವಿನೆಣ್ಣೆ ಹೊಡೆಯಲು ಹೇಳುತ್ತಾರೆ. ನಮ್ಮ ಮಳೆಗೆ ಅದು ಸಂಜೆಯೊಳಗೆ ತೊಳೆದು ಹೋಗುತ್ತದೆ. ಸುರುಳಿ ಬಿಡಿಸಿ ಕೈಯಲ್ಲೇ ತೆಗೆಯುವುದು ವಾಸಿ. ಎಲೆಯ ಅಡಿಗೆ ಕಿತ್ತಳೆ ಬಣ್ಣದ ಪುಡಿ ಕಂಡರೆ ತುಕ್ಕು ರೋಗ. ಆ ಎಲೆ ಕಡಿದು ಸುಟ್ಟು, ಹಿಂಡನ್ನು ತೆಳು ಮಾಡಿ ಗಾಳಿಯಾಡುವಂತೆ ಮಾಡಿ.

ಬೀಜದಿಂದ ಬೆಳೆಸುವುದು ಮಕ್ಕಳಿಗೆ ಒಳ್ಳೆಯ ಆಟ. ಕರಿ ಬೀಜ ಕಲ್ಲಿನಷ್ಟು ಗಟ್ಟಿ. ಹಾಗೇ ಬಿತ್ತಿದರೆ ಕಾದು ಕಾದು ಸಾಕಾಗುತ್ತದೆ. ಒಳಗಿನ ಬಿಳಿ ಕಾಣುವವರೆಗೆ ಸಾಣೆಕಲ್ಲಿಗೆ ಒಂದು ಬದಿ ಉಜ್ಜಿ, ಉಗುರುಬೆಚ್ಚಗಿನ ನೀರಲ್ಲಿ ಒಂದು ದಿನ ನೆನೆಸಿ ಬಿತ್ತಿ. ಆ ಸಿಪ್ಪೆಯ ಗಟ್ಟಿತನ ಎಂಥದ್ದು ಗೊತ್ತಾ? ಅರ್ಜೆಂಟೀನಾದಲ್ಲಿ ಅಕ್ರೋಟು ಸಿಪ್ಪೆಯೊಳಗೆ ಸಿಕ್ಕ ಕಾಬಾಳೆ ಜಾತಿಯ ಹಳೇ ಬೀಜವೊಂದು ಮೊಳೆತಿತ್ತು. ಅದಕ್ಕೆ ಸುಮಾರು 600 ವರ್ಷ ಎಂದು 1971ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಗಿಡದ ತವರೂ ಅಮೆರಿಕ ಖಂಡದ ಆ ಬಿಸಿ ಸೀಮೆಯೇ. ನರ್ಸರಿಯ ಮಿಶ್ರತಳಿ ಬಣ್ಣಗಳು ಬೀಜದಲ್ಲಿ ಹಾಗೇ ಬರುವುದಿಲ್ಲ. ಬಣ್ಣ ಬೇಕಿದ್ದರೆ ಗಡ್ಡೆಯೇ ಬೇಕು.

ಗಡ್ಡೆ ತರುವಾಗ ಒಂದು ಎಚ್ಚರ. ಕಾಬಾಳೆಗೆ ನಂಜುರೋಗ (ವೈರಸ್ ರೋಗ) ಬರುತ್ತದೆ, ಅದಕ್ಕೆ ಮದ್ದಿಲ್ಲ. ಎಲೆಯ ನರದ ಉದ್ದಕ್ಕೂ ತುಂಡು ತುಂಡಾದ ಹಳದಿ ಗೆರೆ ಮೂಡಿ, ಕ್ರಮೇಣ ಕಂದಾಗಿ ಒಣಗುತ್ತದೆ. ಹಳದಿ ಪಟ್ಟೆಯ ಎಲೆಗೇ ಹೆಸರಾದ ಜಾತಿಗಳೂ ಇವೆ. ಅವುಗಳಲ್ಲಿ ಗೆರೆ ನೀಟಾಗಿ, ಎಲ್ಲ ಎಲೆಯಲ್ಲೂ ಒಂದೇ ಥರ ಇರುತ್ತದೆ. ಎರಡನ್ನೂ ಒಂದು ಮಾಡಬೇಡಿ. ರೋಗದ ಹಿಂಡನ್ನು ಗಡ್ಡೆ ಸಮೇತ ಅಗೆದು ಸುಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಕತ್ತಿಯಿಂದಲೂ ಹರಡುತ್ತದೆ. ಒಂದು ಹಿಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಸೋಪು ಹಚ್ಚಿ ತೊಳೆಯಿರಿ.

ಬರೀ ಗಡ್ಡೆ ನೋಡಿದರೆ ಇದು ಯಾವುದೂ ತಿಳಿಯುವುದಿಲ್ಲ, ಅಲ್ವಾ? ನೆಂಟರ ಮನೆಯಲ್ಲಿ ಚೆಂದದ ಬಣ್ಣ ಕಂಡರೆ ಹೂ ಇರುವಾಗಲೇ ಎಲೆ ನೋಡಿ, ದಂಟಿನ ಬುಡಕ್ಕೊಂದು ಬಣ್ಣದ ದಾರ ಕಟ್ಟಿ ಬನ್ನಿ. ರೋಹಿಣಿ ಮಳೆಗೆ ಅಗೆಯುವಾಗ ದಂಟು ಒಣಗಿದ್ದರೂ ಯಾವ ಹಿಂಡು ಎಂದು ಗೊತ್ತಾಗುತ್ತದೆ.