ಇಲಿ ಕಡಿದ ಕಂಪ್ಯೂಟರ್ ತಂತಿಯ ದುರಸ್ತಿ

ಮಡಿಕೇರಿಯ ಮಳೆಗಾಲದಲ್ಲಿ ಬೆಚ್ಚನೆಯ ಜಾಗ ಹುಡುಕಿ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಸೇರಿದ ಇಲಿ ತಂತಿಗಳನ್ನು ಕಡಿದಿದ್ದರೆ, ಮೊದಲು ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಹಳದಿ ತಂತಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಗ್ರೌಂಡ್ (ವಿದ್ಯುತ್ ಮರಳುವ ತಂತಿ) ಎಂಬುದು ಸಾಮಾನ್ಯ ಕ್ರಮವಾದರೂ, ಎಲ್ಲ ತಂತಿಗಳೂ ಕಪ್ಪಾಗಿರುವ ಪವರ್ ಸಪ್ಲೈಗಳೂ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿಗಳು) ಇರುವುದರಿಂದ, ಪ್ರತಿ ತಂತಿಯ ಎರಡೂ ತುದಿಗಳನ್ನು ಗುರುತು ಮಾಡಿಕೊಳ್ಳಿ. ತೇವದಿಂದ ತಾಮ್ರ ಹಸಿರುಗಟ್ಟಿದ್ದರೆ ಹೊಳೆಯುವ ಎಳೆಗಳು ಕಾಣುವವರೆಗೆ ಕತ್ತರಿಸಿ, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆಯನ್ನು ಮೊದಲೇ ತೂರಿಸಿ (ಮರೆತರೆ ಬೆಸುಗೆಯನ್ನು ಮತ್ತೆ ಬಿಡಿಸಬೇಕಾಗುತ್ತದೆ), ಎಳೆಗಳನ್ನು ಹೊಸೆದು ಬೆಸುಗೆ ಹಾಕಿ, ಕೊಳವೆಯನ್ನು ಅದರ ಮೇಲೆ ಸರಿಸಿ ಬಿಸಿ ಮಾಡಿ. ಬರಿಯ ಟೇಪು ಸುತ್ತುವುದನ್ನು ನಾನು ಒಪ್ಪುವುದಿಲ್ಲ. ಅದರ ಅಂಟು ಕ್ರಮೇಣ ಬಿಡುತ್ತದೆ. ವಿದ್ಯುತ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿ, ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿಲ್ಲವೆಂದು ಖಚಿತವಾದ ಮೇಲಷ್ಟೇ ಪ್ಲಗ್ ಹಾಕಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ, ಪ್ಲಗ್ ಕಿತ್ತ ನಂತರವೂ ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.