ಮಹಾಭಾರತಾನ ಕೇಸ್ ಫೈಲ್ ಥರ ಓದಿದ್ದು: ನನ್ನ ಅನುಭವ

ನಾನು ಜಿಲ್ಲಾ ಕೋರ್ಟಲ್ಲಿ ಸಿವಿಲ್ ಸೈಡ್ ಲಾಯರ್. ಹೈಸ್ಕೂಲಲ್ಲಿ ಸಂಸ್ಕೃತ ತಗೊಂಡಿದ್ದೆ, ಅದೂ ಮಾರ್ಕ್ಸ್ ಬರುತ್ತೆ ಅನ್ನೋ ಆಸೆಗೆ. ಇಷ್ಟೇ ಬಂಡವಾಳ ಇಟ್ಕೊಂಡು ಒಂದು ಬೇಲಿ ಜಗಳದ ದಾವಾದಲ್ಲಿ, ಗಂಡಸರೆಲ್ಲ ದೊಣ್ಣೆ ಹಿಡ್ಕೊಂಡು ಹೊಡೆದಾಡಿದ್ರಲ್ಲ ಆ ಕೇಸು, ಆರ್ಗ್ಯುಮೆಂಟ್ ಮುಗಿಸೋವಾಗ ಸ್ಟೈಲಾಗಿ 'ಅಹಿಂಸಾ ಪರಮೋ ಧರ್ಮಃ' ಅಂತ ಬಿಟ್ಟೆ. ಎದುರು ಪಾರ್ಟಿ ಲಾಯರು ಸುಮ್ನಿರ್ತಾರಾ, ಎದ್ದು 'ಧರ್ಮ ಹಿಂಸಾ ತಥೈವ ಚ ಅಂತ ಇನ್ನರ್ಧ ಇದೆ ಸ್ವಾಮಿ, ನಮ್ಮ ಮಿತ್ರರು ನುಂಗಿಬಿಟ್ರು' ಅಂದ್ರು, ಅಂದ್ರೆ ಧರ್ಮಕ್ಕೋಸ್ಕರ ಮಾಡೋ ಹಿಂಸೆನೂ ಹಾಗೇ ಧರ್ಮ ಅಂತ. ಕೋರ್ಟ್ ಹಾಲ್ ಎಲ್ಲ ನಕ್ತು.

ಮನೇಗ್ ಬಂದು ಹುಡುಕಿದೆ. ಆ ಇನ್ನರ್ಧ ಮಹಾಭಾರತದಲ್ಲಿ ಎಲ್ಲೂ ಇಲ್ಲ, ವಾಟ್ಸಾಪಲ್ಲಿ ಮಾತ್ರ ಇದೆ. ಗೆದ್ದೆ ಅನ್ಕೊಂಡೆ, ಆದ್ರೆ ನನ್ನ ಅರ್ಧ ಎಲ್ಲಿದೆ ಅನ್ನೋದು ನನಗೂ ಗೊತ್ತಿರ್ಲಿಲ್ಲ. ನೋಡಿದ್ರೆ ಅನುಶಾಸನ ಪರ್ವದಲ್ಲಿ ಭೀಷ್ಮ ಹೇಳ್ತಾನೆ ಸರಿ, ಅದಕ್ಕಿಂತ ಎಷ್ಟೋ ಮುಂಚೆ ಆದಿಪರ್ವದಲ್ಲೇ ಆ ಮಾತು ಇದೆ, ಹೇಳೋದು ಡುಂಡುಭ ಅಂತ ಒಂದು ವಿಷ ಇಲ್ಲದ ಹಾವು. ರುರು ಅನ್ನೋನ ಹೆಂಡತಿ ಆಗ್ಬೇಕಿದ್ದ ಹುಡುಗಿ ಪ್ರಮದ್ವರೆಗೆ ಹಾವು ಕಚ್ಚಿರುತ್ತೆ, ಅವನು ತನ್ನ ಆಯಸ್ಸಲ್ಲಿ ಅರ್ಧ ಕೊಟ್ಟು ಅವಳನ್ನ ಬದುಕಿಸ್ಕೊಂಡಿರ್ತಾನೆ, ಆ ಸಿಟ್ಟಿಗೆ ಕಂಡ ಕಂಡ ಹಾವನ್ನೆಲ್ಲ ಬಡೀತಾ ಇರ್ತಾನೆ. ಡುಂಡುಭದ ಮೇಲೂ ದೊಣ್ಣೆ ಎತ್ತಿದಾಗ ಅದು, ಕಚ್ಚಿದ್ದು ಬೇರೆ ಹಾವು ಮಾರಾಯ, ನಾನೇನ್ ಮಾಡಿದ್ದೆ ನಿಂಗೆ ಅನ್ನುತ್ತೆ, ಆಮೇಲೆ ಅಹಿಂಸೆ ಮಾತು ಬರುತ್ತೆ. ಅಂದ್ರೆ ಪಕ್ಕಾ ನನ್ನ ಬೇಲಿ ಕೇಸಿನ ಪಾಯಿಂಟು, ಯಾರೋ ಮಾಡಿದ್ದಕ್ಕೆ ಜಾತಿಯವರಿಗೆಲ್ಲ ಹೊಡೆಯೋದು, ಅದನ್ನ ಬಿಟ್ಟು ನಾನು ಕ್ಯಾಲೆಂಡರ್ ಮೇಲಿನ ಸುಭಾಷಿತ ಥರ ಹೇಳಿ ಕೂತಿದ್ದೆ.

ಅವತ್ತಿಂದ ಶ್ಲೋಕ ಕೋಟ್ ಮಾಡೋದು ಬಿಟ್ಟೆ. ಒಂದು ಲಾಂಗ್ ನೋಟ್‌ಬುಕ್ ತಗೊಂಡು ನಾಲ್ಕು ಕಾಲಂ ಎಳ್ದೆ: ಹೇಳೋರು ಯಾರು, ಯಾರಿಗೆ, ಆಗ ಏನ್ ನಡೀತಿತ್ತು, ಹೇಳಿದ್ಮೇಲೆ ಏನಾಯ್ತು. ಬೆಳಗ್ಗೆ ಒಂದು ಗಂಟೆ, ಕೋರ್ಟ್ ಫೈಲ್ ಮುಟ್ಟೋಕೆ ಮುಂಚೆ. ಕನ್ನಡ ಅನುವಾದ ಒಂದು ಕಡೆ, ಪುಣೆಯ ಭಂಡಾರ್ಕರ್ ಸಂಸ್ಥೆಯವರು ಹಳೇ ಹಸ್ತಪ್ರತಿಗಳನ್ನ ಹೋಲಿಸಿ 1966ರಲ್ಲಿ ಮುಗಿಸಿದ ಪರಿಷ್ಕೃತ ಪಾಠ ಮೊಬೈಲಲ್ಲಿ. ಶುರು ಮಾಡೋರಿಗೆ ಒಂದು ಮಾತು, ಎರಡರಲ್ಲೂ ಅಧ್ಯಾಯದ ನಂಬರ್ ಹೊಂದಲ್ಲ, ಒಂದರಲ್ಲಿ 23 ಇದ್ರೆ ಇನ್ನೊಂದ್ರಲ್ಲಿ 24, ನಾನು ಮೊದಲ ತಿಂಗಳು ಇದ್ರಲ್ಲೇ ಒದ್ದಾಡ್ದೆ. ಇನ್ನೊಂದು, ನಾವು ಕನ್ನಡದೋರು ಗಮಕ ಕೇಳಿ ಬೆಳೆದೋರು, ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿಬಿಡ್ತಾನೆ, ಹಾಗಾಗಿ ಶಾಂತಿಪರ್ವ ಅನ್ನೋ 353 ಅಧ್ಯಾಯದ ಗುಡ್ಡ ಒಂದು ಇದೆ ಅನ್ನೋದೇ ನನ್ ಥರದವರಿಗೆ ಹೊಳೆದಿರಲ್ಲ.

ನಾಲ್ಕನೇ ಕಾಲಂ ಇದ್ಯಲ್ಲ, ಅದು ನನ್ನ ತಲೆ ತಿಂದಿದ್ದು ಸಭಾಪರ್ವದಲ್ಲಿ. ದ್ರೌಪದಿ ಕೇಳಿದ್ದು ಒಂದೇ, ಜೂಜಲ್ಲಿ ಯುಧಿಷ್ಠಿರ ಮೊದಲು ತನ್ನನ್ನ ಸೋತನಾ, ನನ್ನನ್ನ ಸೋತನಾ. ಪಕ್ಕಾ ಲೀಗಲ್ ಇಷ್ಯೂ, ತಾನೇ ದಾಸ ಆದ್ಮೇಲೆ ಪಣಕ್ಕೆ ಇಡೋ ಹಕ್ಕು ಎಲ್ಲಿಂದ ಬಂತು. ಭೀಷ್ಮ ಎರಡೂ ಕಡೆ ಮಾತಾಡಿ ಧರ್ಮ ಸೂಕ್ಷ್ಮ ಅಂತ ಕೈ ತೊಳ್ಕೊತಾನೆ. ದುರ್ಯೋಧನನ ತಮ್ಮ, ಚಿಕ್ಕ ಹುಡುಗ ವಿಕರ್ಣ ಒಬ್ಬ ಎದ್ದು ನೀಟಾಗಿ ಆರ್ಗ್ಯೂ ಮಾಡ್ತಾನೆ: ಜೂಜಿನ ಚಟದಲ್ಲಿ ಮಾಡಿದ್ದು ಮಾಡಿದ ಲೆಕ್ಕ ಅಲ್ಲ, ಅವಳು ಐದೂ ಜನಕ್ಕೆ ಸೇರಿದೋಳು, ಪಣದ ಐಡಿಯಾ ಕೊಟ್ಟಿದ್ದೇ ಶಕುನಿ. ನಾನು ಆ ಪುಟದ ಪಕ್ಕ 'ಜೂನಿಯರ್, ಬೆಸ್ಟ್' ಅಂತ ಬರೆದಿದೀನಿ. ಆಮೇಲೆ ವಿದುರ ಪ್ರಹ್ಲಾದನ ಕತೆ ತೆಗೀತಾನೆ, ಮಗ ವಿರೋಚನನ ವಿರುದ್ಧವೇ ತೀರ್ಪು ಕೊಟ್ಟ ಪ್ರಹ್ಲಾದ. ಅದ್ರಲ್ಲಿ ಪಾಪದ ಪಾರ್ಟಿಷನ್ ಬರುತ್ತೆ: ನಿಂದಿಸಬೇಕಾದ್ದನ್ನ ನಿಂದಿಸದ ಸಭೇಲಿ ಅರ್ಧ ಪಾಲು ಯಜಮಾನನಿಗೆ, ಕಾಲು ಪಾಲು ಮಾಡಿದೋನಿಗೆ, ಇನ್ನು ಕಾಲು ಸುಮ್ನೆ ಕೂತ ಸಭಿಕರಿಗೆ. ಮಾಡಿದೋನಿಗಿಂತ ಯಜಮಾನನಿಗೆ ಡಬಲ್! ಇದನ್ನ ಓದಿ ನಾನು ಟೀ ತಣ್ಣಗಾಗಿದ್ದೂ ನೋಡ್ಲಿಲ್ಲ. ಸರಿ, ಹೇಳಿದ್ಮೇಲೆ ಏನಾಯ್ತು? ರಾಜರು ಯಾರೂ ಪಿಟ್ಟೆನ್ನಲಿಲ್ಲ, ಕರ್ಣ ದುಃಶಾಸನನಿಗೆ ಈ ದಾಸೀನ ಒಳಗೆ ಕರ್ಕೊಂಡೋಗು ಅಂದ. ಕೊನೆಗೆ ಬಿಡುಗಡೆ ಆಗೋದು ಧೃತರಾಷ್ಟ್ರ ಕೊಟ್ಟ ವರದಿಂದ, ಆ ಇಷ್ಯೂಗೆ ಫೈಂಡಿಂಗೇ ಇಲ್ಲ, ಇವತ್ತಿಗೂ ಪೆಂಡಿಂಗ್.

ಆದಿಪರ್ವದ ಮಾಂಡವ್ಯ ಋಷಿಯ ಫೈಲು ಕ್ರಿಮಿನಲ್ ಸೈಡಿನ ಫ್ರೆಂಡ್ಸ್‌ಗೆ ಇಷ್ಟ ಆಗುತ್ತೆ. ಮೌನವ್ರತ, ಆಶ್ರಮದಲ್ಲಿ ಕಳ್ಳರೂ ಸಿಕ್ರು ಮಾಲೂ ಸಿಕ್ತು, ಬಾಯಿ ಬಿಡ್ಲಿಲ್ಲ ಅಂತ ಇವನಿಗೂ ಶೂಲ. ಯಾಕೆ ಹೀಗಾಯ್ತು ಅಂದ್ರೆ ಚಿಕ್ಕೋನಿದ್ದಾಗ ಹುಳಕ್ಕೆ ಕಡ್ಡಿ ಚುಚ್ಚಿದ್ದೆಯಲ್ಲ ಅಂತಾನೆ ಯಮಧರ್ಮ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆನಾ ಅಂತ ಅವನಿಗೇ ಶಾಪ ಹಾಕಿ, ಹದಿನಾಲ್ಕು ವರ್ಷದವರೆಗೆ ಮಾಡಿದ್ದು ಪಾಪ ಅಲ್ಲ ಅಂತ ರೂಲ್ ಮಾಡ್ತಾನೆ ಮಾಂಡವ್ಯ. ಆ ಶಾಪದಿಂದ ಹುಟ್ಟಿದೋನೇ ಸಭೇಲಿ ಮಾತಾಡಿದ ವಿದುರ.

ಕೋರ್ಟಲ್ಲಿ ಅಲ್ಲ, ಆಫೀಸಲ್ಲಿ ಒಂದ್ಸಲ ಉಪಯೋಗಿಸ್ದೆ. ಅಣ್ತಮ್ಮಂದ್ರ ಪಾರ್ಟಿಷನ್ ಸೂಟು, ಅದರ ಜೊತೆಗೆ ತಮ್ಮ ತೆಂಗಿನಕಾಯಿ ಕಿತ್ಕೊಂಡ ಅಂತ ಅಣ್ಣ ಸ್ಟೇಷನ್‌ಗೆ ಕಂಪ್ಲೇಂಟ್ ಕೊಟ್ಟಿದ್ರು. ಅಣ್ಣ ನನ್ನ ಕ್ಲೈಂಟ್. ಕೂರಿಸ್ಕೊಂಡು ಶಾಂತಿಪರ್ವದ ಶಂಖ ಲಿಖಿತರ ಕತೆ ಹೇಳ್ದೆ. ಬಾಹುದಾ ನದಿ ದಡ, ಅಣ್ಣ ಶಂಖ ಆಶ್ರಮದಲ್ಲಿ ಇರ್ಲಿಲ್ಲ, ತಮ್ಮ ಲಿಖಿತ ಹಣ್ಣು ಕಿತ್ತು ತಿಂತಾ ಇದ್ದ. ಎಲ್ಲಿದಪ್ಪಾ ಅಂದ್ರೆ ನಗ್ತಾ ಇಲ್ಲೇ ಕಿತ್ತಿದ್ದು ಅಂದ. ಅಣ್ಣ, ಇದು ಕಳ್ಳತನ, ಹೋಗಿ ರಾಜನಿಗೆ ಹೇಳಿ ಶಿಕ್ಷೆ ತಗೋ ಅಂದ. ಸುದ್ಯುಮ್ನ ರಾಜ, ಶಿಕ್ಷೆ ಕೊಡೋ ಅಧಿಕಾರ ಇರೋನಿಗೆ ಕ್ಷಮಿಸೋ ಅಧಿಕಾರಾನೂ ಇದೆ, ಹೋಗಿ ಬನ್ನಿ ಅಂದ್ರೂ ಲಿಖಿತ ಒಪ್ಪಲಿಲ್ಲ, ಎರಡೂ ಕೈ ಕತ್ತರಿಸಿದ್ರು. ವಾಪಸ್ ಬಂದಾಗ ಅಣ್ಣ, ನನಗೇನು ಸಿಟ್ಟಿಲ್ಲ, ನದಿಗೆ ಹೋಗಿ ತರ್ಪಣ ಬಿಡು ಅಂದ, ಬಿಡೋಕೆ ಹೋದ್ರೆ ಕೈ ಚಿಗುರಿತ್ತು. ಹಾಗಿದ್ರೆ ಮೊದಲೇ ನೀನೇ ಶುದ್ಧ ಮಾಡ್ಬಹುದಿತ್ತಲ್ಲ ಅಂದ್ರೆ, ನಿನಗೆ ದಂಡ ಕೊಡೋನು ರಾಜ, ನಾನಲ್ಲ ಅಂದ ಶಂಖ. ಯುದ್ಧ ಮುಗಿದು ರಾಜ್ಯವೇ ಬೇಡ ಅಂತ ಕೂತ ಯುಧಿಷ್ಠಿರನಿಗೆ ವ್ಯಾಸರು ಹೇಳೋ ಕತೆ ಇದು.

ನಾನು, ತಮ್ಮನ ಮೇಲೆ ಸಿಟ್ಟಿಲ್ಲದೆ ಇದ್ದ ಅಣ್ಣ, ಅದನ್ನ ಇವ್ರು ಹಿಡೀತಾರೆ ಅನ್ಕೊಂಡಿದ್ದೆ. ಅವರು ಟವೆಲ್ಲಲ್ಲಿ ಮುಖ ಒರೆಸ್ಕೊಂಡು ಸ್ವಲ್ಪ ಹೊತ್ತು ಯೋಚ್ನೆ ಮಾಡಿ, 'ಹಂಗಾದ್ರೆ ನಾನು ಕಂಪ್ಲೇಂಟ್ ಕೊಟ್ಟಿದ್ದು ಸರಿನೇ ಅಲ್ವಾ ಸಾರ್, ಋಷಿನೇ ಕೊಡ್ಸಿದಾರೆ' ಅಂದ್ರು. ಕೇಸು ಇನ್ನೂ ನಡೀತಿದೆ, ಎವಿಡೆನ್ಸ್‌ಗೆ ಬಂದಿದೆ, ಮುಂದಿನ ವಾರ ಡೇಟು.